ಜರಡಿ ಅಕ್ಕ ಕತ್ತರಿಸಿದ ಅಂಚು

ಅವರನ್ನು ನಾನು ಮೊದಲ ಸಲ ನೋಡಿದಾಗ ಕಂಡದ್ದು ಬೆನ್ನು ಮಾತ್ರ. ಸೋಮವಾರ ಬೆಳಿಗ್ಗೆ ಒಂಬತ್ತೂವರೆ ಗಂಟೆ. ರೇಡಿಯೋ ದೂರದರ್ಶಕದ ಕಚೇರಿ. ನೆಲಮಹಡಿಯ ಉದ್ದನೆಯ ಕಾರಿಡಾರಿನ ಕೊನೆಯಲ್ಲಿ, ಕಾಗದ ಪೆನ್ಸಿಲ್ ತುಂಬಿಡುವ ಉಗ್ರಾಣದ ಪಕ್ಕಕ್ಕೆ, ಒಂದು ಸಣ್ಣ ಕೋಣೆ. ನನ್ನ ಕೈಯಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಲು ಬಂದ ಪತ್ರ. ಕಾಲಿಗೆ ಹಿಂದಿನ ಸಂಜೆಯಷ್ಟೇ ಕೊಂಡ ಚಪ್ಪಲಿ. ಅದು ಎಡಗಾಲಿನ ಹಿಮ್ಮಡಿಯನ್ನು ಕಚ್ಚುತ್ತಿತ್ತು. ಬಾಗಿಲು ತಟ್ಟಿದೆ. ಇನ್ನೊಮ್ಮೆ ತಟ್ಟಿ ಇಣುಕಿದೆ.

ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು. ದೊಡ್ಡದೊಂದು ಪರದೆಯ ಮುಂದೆ, ಬೂದು ಬಣ್ಣದ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ಕುಳಿತಿದ್ದರು. ಪರದೆಯ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ಅವರು ತಿರುಗಿ ನೋಡಲಿಲ್ಲ.

"ಬಾಗಿಲು ಹಾಕ್ಕೊಂಡು ಬನ್ನಿ. ಪರದೆ ಮೇಲೆ ಬೆಳಕು ಬೀಳುತ್ತೆ."

ಬಾಗಿಲು ಹಾಕಿ ನಿಂತೆ.

"ನೀವು ಬಂದ ಬಸ್ಸು ಒಂಬತ್ತು ಹದಿನೇಳಕ್ಕೆ ಗೇಟಿಗೆ ಬಂತು. ಅಲ್ಲಿಂದ ಇಲ್ಲೀವರೆಗೂ ನಿಮ್ಮ ಚೀಲದಲ್ಲಿರೋದು ಕೂಗ್ತಾನೇ ಇದೆ."

ಮೇಜಿನ ಮೂಲೆಯಲ್ಲಿದ್ದ ಇನ್ನೊಂದು ಪುಟ್ಟ ಪರದೆಯನ್ನು ಅವರು ಪೆನ್ಸಿಲಿನ ತುದಿಯಿಂದ ತೋರಿಸಿದರು. ಛಾವಣಿಯ ಮೇಲೆ ಒಂದು ಕಾವಲು ಆಂಟೆನಾ ಇದೆಯೆಂದೂ ಸುತ್ತಲಿನ ಎಲ್ಲ ರೇಡಿಯೋ ಗದ್ದಲವನ್ನೂ ಅದು ಹಿಡಿದು ಈ ಪರದೆಗೆ ಕಳಿಸುತ್ತದೆಂದೂ ನನಗೆ ಆಮೇಲೆ ತಿಳಿಯಿತು. ಅದರಲ್ಲಿ ಒಂಬತ್ತು ಹದಿನೇಳರಿಂದ ಶುರುವಾದ ಬಿಳಿಗೆರೆಯೊಂದು ಬರುಬರುತ್ತ ದಪ್ಪಗಾಗಿತ್ತು. ಅದು ನನ್ನ ಮೊಬೈಲು. ನಾನು ಗೇಟಿನಿಂದ ನಡೆದುಬಂದ ದಾರಿಯೇ ಅಲ್ಲಿ ಗೀಚಿಟ್ಟಂತಿತ್ತು.

"ಗೇಟಲ್ಲಿ ಫೋನ್ ಒಪ್ಪಿಸಿ ಅಂತ ಬೋರ್ಡ್ ಇದೆ."

"ನೋಡಲಿಲ್ಲ, ಮೇಡಂ."

"ಎಲ್ಲೀವರೆಗೆ ಓದಿದ್ದೀರಿ?"

"ಎಂ.ಎಸ್ಸಿ. ಭೌತಶಾಸ್ತ್ರ."

"ಹಾಗಾದ್ರೆ ಬೋರ್ಡ್ ಓದೋದರಿಂದ ಶುರು ಮಾಡೋಣ."

ಅವರು ಕೈ ಚಾಚಿದರು. ಮೊಬೈಲನ್ನು ಕೊಟ್ಟೆ. ಅದನ್ನು ದಪ್ಪ ತಗಡಿನ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಳವನ್ನು ಅದುಮಿದರು. ಬಿಳಿಗೆರೆ ಕತ್ತರಿಸಿದಂತೆ ನಿಂತಿತು.

"ನೋಡಿ, ಈಗ ನೀವು ಬಂದೇ ಇಲ್ಲ," ಎಂದು ಹೇಳಿ ಆಗ ತಿರುಗಿ ನನ್ನ ಮುಖ ನೋಡಿದರು. ದಾರ ಕಟ್ಟಿದ ಕನ್ನಡಕ, ಕಿವಿಯ ಹಿಂದೆ ಬಿಗಿದು ಬಾಚಿದ ನರೆಗೂದಲು, ಬಲಗೈಯ ತೋರುಬೆರಳಿನ ಮೇಲೆ ಮೌಸ್ ಒತ್ತಿ ಒತ್ತಿ ಆದ ಜಡ್ಡು. ಆಗ ಅವರಿಗೆ ಐವತ್ತೇಳು ವರ್ಷ. "ಕೂತ್ಕೊಳ್ಳಿ. ಚಪ್ಪಲಿ ಬಿಚ್ಚಿ ಕೂತರೂ ಪರವಾಗಿಲ್ಲ, ಕಚ್ತಾ ಇದೆ ಅಂತ ಕಾಣುತ್ತೆ."

ಕಚೇರಿಯಲ್ಲಿ ಎಲ್ಲರೂ ಅವರನ್ನು ಜರಡಿ ಅಕ್ಕ ಎನ್ನುತ್ತಿದ್ದರು. ಅವರ ಕೆಲಸವೇ ಸೋಸುವುದು. ಬಯಲಿನಲ್ಲಿ ಸಾಲಾಗಿ ನಿಂತ ಹನ್ನೆರಡು ಲೋಹದ ಬೋಗುಣಿಗಳು ಆಕಾಶದಿಂದ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ. ಆದರೆ ಬರುವುದೆಲ್ಲ ಆಕಾಶದ್ದಲ್ಲ. ವಿಮಾನ, ಫೋನು, ಕಿಡಿ ಹಾರುವ ವಿದ್ಯುತ್ ತಂತಿ, ಕ್ಯಾಂಟೀನಿನವರು ಬಾಗಿಲು ಸರಿಯಾಗಿ ಹಾಕದೆ ಓಡಿಸಿದ ಮೈಕ್ರೋವೇವ್ ಒಲೆ, ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಬಂದದ್ದನ್ನು ತರಂಗಾಂತರದ ಪ್ರಕಾರ ಇನ್ನೂರೈವತ್ತಾರು ಸಣ್ಣ ಕಂಡಿಗಳಾಗಿ ಹಂಚಿಡುತ್ತಾರೆ. ಅವಕ್ಕೆ ಚಾನೆಲ್ ಎನ್ನುತ್ತಾರೆ. ಯಾವ ಚಾನೆಲಿನಲ್ಲಿ, ಯಾವ ನಿಮಿಷದಲ್ಲಿ ನೆಲದ ಕಸ ಸೇರಿದೆ ಎಂದು ಕಣ್ಣಿಟ್ಟು ನೋಡಿ ಕತ್ತರಿಸಿ ತೆಗೆಯುವುದು ಅಕ್ಕನ ಕೆಲಸ. ಉಳಿದದ್ದು ವಿಜ್ಞಾನಿಗಳಿಗೆ ಹೋಗುತ್ತದೆ.

ಅವರು ಓದಿದ್ದು ಹನ್ನೆರಡನೆಯ ತರಗತಿ. ತಂದೆ ಲಾರಿ ಮೆಕ್ಯಾನಿಕ್. ತಾಯಿ ಬೇಗ ತೀರಿಕೊಂಡರು. ಅಕ್ಕ ಇಪ್ಪತ್ತಮೂರನೆಯ ವಯಸ್ಸಿಗೆ ಇಲ್ಲಿ ಟೈಪಿಸ್ಟ್ ಆಗಿ ಸೇರಿ, ಅವರಿವರ ಹಿಂದೆ ನಿಂತು ಪರದೆ ನೋಡುತ್ತ ನೋಡುತ್ತ ಈ ಕೆಲಸ ಕಲಿತರು. ತಂಗಿಗೆ ಮದುವೆ ಮಾಡಿ ಬೇರೆ ಊರಿಗೆ ಕಳಿಸಿದರು. ತಾವು ತಂದೆಯ ಜೊತೆ ಉಳಿದರು. ತಂದೆಗೆ ಶ್ವಾಸಕೋಶದ ಕಾಯಿಲೆ. ಹನ್ನೊಂದು ವರ್ಷ ಕೆಮ್ಮಿ ಅವರೂ ಹೋದ ಮೇಲೆ, ಪಟ್ಟಣದ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ. ಇಷ್ಟನ್ನೂ ಅವರೇ ನನಗೆ ಒಂದೇ ಸಲ ಹೇಳಿದ್ದಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ದಿನಕ್ಕೊಂದು ವಾಕ್ಯದಂತೆ, ಯಾರದೋ ವಿಷಯ ಹೇಳುವ ಹಾಗೆ ಹೇಳಿದ್ದು. ಎರಡು ತಿಂಗಳಾಗುವಷ್ಟರಲ್ಲಿ ನನ್ನನ್ನು ನೀನು ಎನ್ನತೊಡಗಿದ್ದರು.

ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ದಡ್ಡಿ ಎನಿಸಿಕೊಳ್ಳಬಾರದೆಂಬ ಹೆದರಿಕೆಯಿಂದ ಯಾರು ಏನು ಹೇಳಿದರೂ ಬರೆದುಕೊಳ್ಳುತ್ತಿದ್ದೆ. ಅಕ್ಕ ಅದನ್ನು ನೋಡಿ ನಗುತ್ತಿದ್ದರು. "ಕೆಮ್ಮಿದ್ದನ್ನೂ ಬರ್ಕೊಂಡ್ಯಾ?" ಎಂದು ಕೇಳುತ್ತಿದ್ದರು. ಆದರೆ ಬರೆಯುವ ಚಾಳಿಯಲ್ಲಿ ಅವರು ನನಗಿಂತ ಒಂದು ಕೈ ಮೇಲು. ಪ್ರತಿ ವೀಕ್ಷಣೆಗೂ ಒಂದು ಪುಟ. ದಿನಾಂಕ, ಕತ್ತರಿಸಿದ ಚಾನೆಲ್, ಕಾರಣ. ಕಾರಣದ ಸಾಲಿನಲ್ಲಿ ವಿಮಾನ, ಗುಡುಗು, ಕ್ಯಾಂಟೀನ್ ಎಂದೆಲ್ಲ ಇರುತ್ತಿತ್ತು. ಕೆಲವು ಕಡೆ "ಗೊತ್ತಿಲ್ಲ, ಆದರೂ ಸರಿ ಕಾಣಲಿಲ್ಲ" ಎಂದು ಇರುತ್ತಿತ್ತು. ಇಪ್ಪತ್ತಾರು ವರ್ಷದ ಅಂಥ ಪುಸ್ತಕಗಳು ಅವರ ಬೀರುವಿನಲ್ಲಿ ಕಾಲೇಜಿನ ಹಾಜರಿ ಪುಸ್ತಕಗಳಂತೆ ಸಾಲಾಗಿ ನಿಂತಿದ್ದವು.

ನನ್ನ ಪ್ರಬಂಧದ ವಿಷಯ ಒಂದು ಕುಬ್ಜ ಗ್ಯಾಲಕ್ಸಿ. ಪಟ್ಟಿಯಲ್ಲಿ ಅದಕ್ಕೆ ಉದ್ದನೆಯ ಸಂಖ್ಯೆಯಿದೆ. ಕೊನೆಯ ಎರಡಂಕಿ ಹಿಡಿದು ನಾವು ನಲವತ್ತೊಂದು ಎನ್ನುತ್ತಿದ್ದೆವು. ಸಾಧಾರಣ ದೂರದರ್ಶಕದಲ್ಲಿ ನೋಡಿದರೆ ಅಲ್ಲಿ ಒಂದು ಮಸುಕು ಕಲೆಯೂ ಸರಿಯಾಗಿ ಕಾಣುವುದಿಲ್ಲ. ನಕ್ಷತ್ರಗಳು ಅಷ್ಟು ಕಡಿಮೆ. ಆದರೆ ಜಲಜನಕದ ಅನಿಲ ಧಾರಾಳವಾಗಿದೆ, ನಕ್ಷತ್ರಗಳ ತೂಕದ ಐದಾರು ಪಟ್ಟು. ಆ ಅನಿಲ ಹೊಮ್ಮಿಸುವ ಸಣ್ಣ ರೇಡಿಯೋ ಅಲೆಯನ್ನು ನಮ್ಮ ಬೋಗುಣಿಗಳು ಹಿಡಿಯುತ್ತವೆ.

"ಅಷ್ಟೊಂದು ಅನಿಲ ಇಟ್ಕೊಂಡು ಯಾಕೆ ನಕ್ಷತ್ರ ಮಾಡ್ಕೊಂಡಿಲ್ಲ?" ಎಂದು ಅಕ್ಕ ಒಮ್ಮೆ ಕೇಳಿದರು.

"ತೆಳ್ಳಗೆ ಹರಡಿಕೊಂಡಿದೆ, ಅಕ್ಕ. ಜೊತೆಗೆ, ಅಕ್ಕಪಕ್ಕ ದೊಡ್ಡ ಗ್ಯಾಲಕ್ಸಿ ಯಾವುದೂ ಇಲ್ಲ. ಇದ್ದಿದ್ದರೆ ಇದರ ಅನಿಲವನ್ನ ಎಂದೋ ಕಿತ್ಕೊಂಡಿರೋದು."

"ನೆಂಟರು ಬಾರದ ಮನೇಲಿ ಡಬ್ಬಿ ತುಂಬಿರುತ್ತೆ ಅನ್ನು," ಎಂದು ಅವರು ಮತ್ತೆ ಪರದೆಗೆ ತಿರುಗಿದರು.

ಕಪ್ಪು ದ್ರವ್ಯವೆಂದರೇನು ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ; ಇಪ್ಪತ್ತಾರು ವರ್ಷ ವಿಜ್ಞಾನಿಗಳ ಮಾತು ಕಿವಿಗೆ ಬಿದ್ದಿತ್ತು. ಆದರೂ ನಾನು ಹೇಳಿಯೇ ಹೇಳಿದೆ, ಹೇಳಿದರೆ ನನಗೇ ಗಟ್ಟಿಯಾಗುತ್ತದೆಂದು. ಚಿಕ್ಕವಳಿದ್ದಾಗ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸುತ್ತಿದ್ದೆ. ಕಲ್ಲು ಜೋರಾಗಿ ತಿರುಗಿದಷ್ಟೂ ಹಗ್ಗವನ್ನು ಬಿಗಿಯಾಗಿ ಹಿಡಿಯಬೇಕು. ಗ್ಯಾಲಕ್ಸಿಯ ಅಂಚಿನ ಅನಿಲವೂ ಹಾಗೆಯೇ ತಿರುಗುತ್ತದೆ. ಅದು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅಳೆದರೆ, ಅದನ್ನು ಒಳಗಿನಿಂದ ಹಿಡಿದಿಟ್ಟ ತೂಕ ಎಷ್ಟೆಂದು ಹೇಳಬಹುದು. ಅಳೆದು ನೋಡಿದರೆ ಕಾಣುವ ನಕ್ಷತ್ರ, ಅನಿಲ ಎಲ್ಲ ಸೇರಿದರೂ ತೂಕ ಸಾಲುವುದಿಲ್ಲ. ಕಾಣದೆ ಉಳಿದ ಆ ತೂಕಕ್ಕೇ ಕಪ್ಪು ದ್ರವ್ಯವೆಂದು ಹೆಸರು. ಮಸುಕಾದ ಕುಬ್ಜಗಳಲ್ಲಿ ಅದೇ ಬಹುಪಾಲು.

ನಲವತ್ತೊಂದು ಮಾತ್ರ ಹಾಗಿರಲಿಲ್ಲ. ಅದರ ಅಂಚಿನಲ್ಲಿ ವೇಗ ಇಳಿದುಹೋಗಿತ್ತು. ಕಾಣುವಷ್ಟೇ ತೂಕ, ಒಳಗೆ ಬಚ್ಚಿಟ್ಟುಕೊಂಡದ್ದು ಏನೂ ಇಲ್ಲ. ಒಂಬತ್ತು ವರ್ಷ ಹಿಂದಿನ ಹನ್ನೊಂದು ವೀಕ್ಷಣೆಗಳನ್ನು ಸೇರಿಸಿ ನನ್ನ ಮಾರ್ಗದರ್ಶಕರು ಇದನ್ನು ಕಂಡುಹಿಡಿದಿದ್ದರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಕಪ್ಪು ದ್ರವ್ಯವಿಲ್ಲದ ಕುಬ್ಜ ಗ್ಯಾಲಕ್ಸಿ ಎಂದರೆ ಆ ವಿಷಯದವರ ಬಾಯಲ್ಲಿ ದೊಡ್ಡ ಮಾತು. ಮೇಷ್ಟ್ರು ನಾಲ್ಕು ಸಮ್ಮೇಳನಗಳಲ್ಲಿ ಮಾತಾಡಿ ಬಂದಿದ್ದರು. ಲೇಖನ ಒಪ್ಪಿಗೆಯಾಗಿ ಅಚ್ಚಿಗೆ ಕಾಯುತ್ತಿತ್ತು. ನನ್ನ ಪ್ರಬಂಧ ಅದರ ಮೇಲೆ ನಿಂತಿತ್ತು.

ಅಕ್ಕನಿಗೂ ಅದರಲ್ಲಿ ಪಾಲಿತ್ತು. ಕಂಪ್ಯೂಟರ್ ವಿಭಾಗದವರು ಸೋಸುವ ಪ್ರೋಗ್ರಾಂ ಒಂದನ್ನು ಬರೆದಿದ್ದರು. ಅಕ್ಕ ಎರಡು ಮೂರು ಗಂಟೆ ಕೂತು ಮಾಡುವುದನ್ನು ಅದು ಏಳು ನಿಮಿಷದಲ್ಲಿ ಮಾಡುತ್ತಿತ್ತು. ಅದೇ ಹನ್ನೊಂದು ವೀಕ್ಷಣೆಗಳನ್ನು ಪ್ರೋಗ್ರಾಂ ಸೋಸಿದಾಗ ನಲವತ್ತೊಂದು ಉಳಿದೆಲ್ಲ ಕುಬ್ಜಗಳ ಹಾಗೆಯೇ ಕಂಡಿತ್ತು, ಅಂಚಿನಲ್ಲಿ ವೇಗ ಇಳಿದಿರಲಿಲ್ಲ. ಮೇಷ್ಟ್ರು ನಂಬಿದ್ದು ಅಕ್ಕನನ್ನು. ಆ ವೀಕ್ಷಣೆಗಳು ನಡೆದ ಚಳಿಗಾಲ ನಾಲ್ಕು ಕಿಲೋಮೀಟರ್ ದೂರದ ನೀರಿನ ಪಂಪ್‌ಹೌಸಿನ ಮೋಟಾರು ಪೆಟ್ಟಿಗೆಯಿಂದ ಎಂಬತ್ತೆಂಟು, ಎಂಬತ್ತೊಂಬತ್ತನೆಯ ಚಾನೆಲುಗಳಲ್ಲಿ ಗದ್ದಲ ಬರುತ್ತಿತ್ತು. ಕುರುಡು ಪ್ರೋಗ್ರಾಂ ಅದನ್ನೇ ಅನಿಲವೆಂದು ಒಳಗೆ ಬಿಟ್ಟುಕೊಂಡಿದೆ ಎಂದು ಮೇಷ್ಟ್ರು ಸಭೆಯಲ್ಲೇ ಹೇಳಿದ್ದರು.

ಆ ಹೊತ್ತಿಗೆ ಅಕ್ಕನ ನಿವೃತ್ತಿಗೆ ಆರು ತಿಂಗಳಿತ್ತು. ಆಮೇಲೂ ಮೂರು ವರ್ಷ ಅವರನ್ನು ಗುತ್ತಿಗೆಯ ಮೇಲೆ ಇಟ್ಟುಕೊಳ್ಳಬೇಕೋ, ಪ್ರೋಗ್ರಾಮಿಗೆ ಕೆಲಸ ಒಪ್ಪಿಸಿ ಕೋಣೆಯನ್ನು ಉಗ್ರಾಣಕ್ಕೆ ಸೇರಿಸಬೇಕೋ ಎಂದು ಸಮಿತಿ ತೀರ್ಮಾನಿಸುವುದಿತ್ತು. ಮೇಷ್ಟ್ರು ಸಮಿತಿಗೆ ಬರೆದ ಪತ್ರದಲ್ಲಿ ಒಂದೇ ಆಧಾರ: ನಲವತ್ತೊಂದು.

ಅಕ್ಕನಿಗೆ ಆ ಕೋಣೆ ಏನೆಂಬುದು ನನಗೆ ಗೊತ್ತಿತ್ತು. ರಜೆಯ ದಿನವೂ ಬಂದು ಕೂರುತ್ತಿದ್ದರು. ಪ್ರತಿ ಭಾನುವಾರ ಹನ್ನೊಂದಕ್ಕೆ ತಂಗಿ ಕಚೇರಿಯ ಫೋನಿಗೇ ಕರೆ ಮಾಡುತ್ತಿದ್ದಳು, ಮನೆಯಲ್ಲಿ ಸಿಗುವುದಿಲ್ಲವೆಂದು. ತಂಗಿಯ ದನಿ ರಿಸೀವರಿನಿಂದ ಕಾರಿಡಾರಿಗೂ ಕೇಳುತ್ತಿತ್ತು.

"ಇಲ್ಲಿಗೆ ಬಂದುಬಿಡು ಅಕ್ಕ. ಎಷ್ಟು ದಿನ ಅಂತ ಆ ಗೋಡೆ ನೋಡ್ತೀಯ?"

"ಗೋಡೆ ಅಲ್ಲ ಕಣೇ, ಪರದೆ."

"ಎರಡೂ ಮಾತಾಡಲ್ಲ."

"ನಿನ್ನ ಗಂಡನೂ ಮಾತಾಡಲ್ಲ. ನೀನು ಇರ್ತೀಯಲ್ವಾ?"

ತಂಗಿ ನಗುತ್ತಿದ್ದಳು. ಅಕ್ಕ ರಿಸೀವರ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡೇ ಇರುತ್ತಿದ್ದರು.

ಸಮಿತಿಯ ಸಭೆಗೆ ಮೂರು ವಾರ ಮುಂಚೆ ನಾನು ಪ್ರಬಂಧದ ಅನುಬಂಧ ಬರೆಯಲು ಕುಳಿತೆ. ಯಾವ ದಿನ, ಯಾವ ಚಾನೆಲ್, ಏಕೆ ಕತ್ತರಿಸಲಾಯಿತು ಎಂದು ಕೋಷ್ಟಕ ಮಾಡಬೇಕೆಂದಿದ್ದೆ. ಯಾರೂ ಕೇಳಿರಲಿಲ್ಲ. ಬೇರೆಯವರ ಪ್ರಬಂಧಗಳಲ್ಲಿ ಅಂಥದ್ದು ಇರುವುದಿಲ್ಲ. "ನಿನಗೆ ಬೇರೆ ಕೆಲಸ ಇಲ್ವಾ?" ಎಂದರೂ ಅಕ್ಕನಿಗೆ ಒಳಗೊಳಗೇ ಖುಷಿಯಾಗಿತ್ತು. ತಮ್ಮ ಪುಸ್ತಕವನ್ನು ಒಬ್ಬರಾದರೂ ತೆರೆಸಿದರಲ್ಲ. ಆ ಚಳಿಗಾಲದ ಪುಸ್ತಕ ತೆಗೆದು ಅವರು ಓದುತ್ತ ಹೋದರು, ನಾನು ಬರೆಯುತ್ತ ಹೋದೆ.

ಇಲ್ಲಿ ಅವರ ಕೆಲಸದ ಒಂದು ರೀತಿಯನ್ನು ಹೇಳಬೇಕು. ಗದ್ದಲ ಎರಡು ಚಾನೆಲಿನಲ್ಲಿದ್ದರೆ ಅವರು ಅಕ್ಕಪಕ್ಕ ಎರಡೆರಡನ್ನೂ ಸೇರಿಸಿ ಕತ್ತರಿಸುತ್ತಿದ್ದರು. ಬದನೆಕಾಯಿಯ ಹುಳುಕನ್ನು ತೆಗೆಯುವಾಗ ಸುತ್ತಲಿನ ಒಳ್ಳೆಯದೂ ಸ್ವಲ್ಪ ಹೋಗುತ್ತದಲ್ಲ, ಹಾಗೆ. ದಿನವೂ ಬರುವ ಗದ್ದಲವಾದರೆ ಅದನ್ನು "ಕಾಯಂ ಪಟ್ಟಿ"ಗೆ ಸೇರಿಸುತ್ತಿದ್ದರು. ಕಾಯಂ ಪಟ್ಟಿಯಲ್ಲಿದ್ದ ಚಾನೆಲುಗಳು ಪರದೆಗೆ ಬರುವ ಮೊದಲೇ ಕತ್ತರಿಸಿ ಹೋಗಿರುತ್ತಿದ್ದವು, ಆ ತೂತನ್ನು ಯಂತ್ರವೇ ಅಕ್ಕಪಕ್ಕದ ಸಂಖ್ಯೆಗಳಿಂದ ತುಂಬಿಬಿಡುತ್ತಿತ್ತು. ಅಂದರೆ ಅಲ್ಲಿ ಏನಿತ್ತೆಂದು ಯಾರೂ ನೋಡುವುದಿಲ್ಲ, ಅಕ್ಕ ಕೂಡ.

"ಒಂಬತ್ತನೇ ತಾರೀಕು. ಎಂಬತ್ತಾರರಿಂದ ತೊಂಬತ್ತೊಂದು. ಪಂಪ್‌ಹೌಸ್."

ಬರೆದೆ.

"ಹತ್ತನೇ ತಾರೀಕು. ಎಂಬತ್ತಾರರಿಂದ ತೊಂಬತ್ತೊಂದು. ಪಂಪ್‌ಹೌಸ್."

ಬರೆದೆ. ಅದು ನಾಲ್ಕನೆಯ ವೀಕ್ಷಣೆ. ಅವರು ಪುಟ ತಿರುಗಿಸಿದರು. ಅಲ್ಲಿ ಅಂಟಿಸಿದ್ದ ಒಂದು ಚೀಟಿಯನ್ನು ನಾನೂ ನೋಡಿದೆ. ಬೇರೆಯವರ ಕೈಬರಹ: "ಪಂಪ್‌ಹೌಸ್ ಪೆಟ್ಟಿಗೆ ಇಂದು, 14ರಂದು, ಬದಲಾಯಿಸಿದೆವು. ಪರೀಕ್ಷಿಸಿದೆ. ಇನ್ನು ಗದ್ದಲ ಇಲ್ಲ." ಕೆಳಗೆ ಆಗಿನ ಎಂಜಿನಿಯರ್ ಸಹಿ. ಚೀಟಿಯ ನಾಲ್ಕು ಮೂಲೆಗೂ ನೀಟಾಗಿ ಗೋಂದು ಹಚ್ಚಿತ್ತು. ಅದರ ಕೆಳಗೆ, ಅದೇ ಪುಟದಲ್ಲಿ, ಅಕ್ಕನ ದುಂಡನೆಯ ಅಕ್ಷರ: "ತಾ. 17. 86ರಿಂದ 91. ಪಂಪ್‌ಹೌಸ್."

ಅವರು ಓದಲಿಲ್ಲ. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ಪುಟ ತಿರುಗಿಸಿದರು. ಮುಂದಿನದೂ ಪಂಪ್‌ಹೌಸ್. ಅದರ ಮುಂದಿನದೂ. ಉಳಿದ ಏಳೂ.

"ಇವತ್ತಿಗೆ ಸಾಕು," ಎಂದು ಪುಸ್ತಕ ಮುಚ್ಚಿದರು.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ. ಕಾರಿಡಾರಿನಲ್ಲಿ ಹೋಗುವವರೆಲ್ಲ ಆ ಮುಚ್ಚಿದ ಬಾಗಿಲನ್ನು ನೋಡಿ, "ಜರಡಿ ಅಕ್ಕ ರಜೆಯಾ? ಹುಷಾರಿದ್ದಾರಾ?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿತ್ತು. ಅನಿಲ ನಮ್ಮಿಂದ ಎಷ್ಟು ವೇಗವಾಗಿ ದೂರ ಸರಿಯುತ್ತದೋ ಅದರ ಪ್ರಕಾರ ಅದರ ಅಲೆ ಬೇರೆ ಬೇರೆ ಚಾನೆಲಿಗೆ ಬೀಳುತ್ತದೆ. ನಲವತ್ತೊಂದರ ಅಂಚು ಉಳಿದ ಕುಬ್ಜಗಳ ಹಾಗೆ ವೇಗವಾಗಿ ತಿರುಗುತ್ತಿದ್ದರೆ ಅದರ ಅಲೆ ಎಲ್ಲಿ ಬೀಳಬೇಕು ಎಂದು ನಾನು ಆ ಸಂಜೆಯೇ ಲೆಕ್ಕ ಹಾಕಿದ್ದೆ. ಎಂಬತ್ತೇಳರಿಂದ ತೊಂಬತ್ತು. ಮೂರು ಸಲ ಹಾಕಿದೆ, ಮೂರು ಸಲವೂ ಅದೇ ಬಂತು.

ಮೂರನೆಯ ದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಮೊದಲ ಸಲ. ಮೂರು ಮಹಡಿ ಮೆಟ್ಟಿಲು. ಎರಡನೆಯ ಮಹಡಿಯಲ್ಲಿ ಯಾರದೋ ಸೈಕಲ್ಲು ಕಂಬಿಗೆ ಬೀಗ ಹಾಕಿ ನಿಂತಿತ್ತು. ಬಾಗಿಲು ತೆರೆದವರು ಅದೇ ಬೂದು ಸ್ವೆಟರಿನಲ್ಲಿದ್ದರು. ಒಳಗೆ ಒಂದು ಕುರ್ಚಿ, ಒಂದು ಮಂಚ, ಗೋಡೆಗೆ ತಂದೆಯ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ತೂಗುಹಾಕಿದ್ದ ಹಲಗೆ. ಒಲೆಯ ಮೇಲೆ ಒಬ್ಬರಿಗಾಗುವಷ್ಟೇ ದೊಡ್ಡ ಪಾತ್ರೆ. ಕುರ್ಚಿಯನ್ನು ನನಗೆ ಕೊಟ್ಟು ಅವರು ಮಂಚದ ಅಂಚಿನಲ್ಲಿ ಕೂತರು. ಮನೆಯಲ್ಲಿ ಇಬ್ಬರು ಕೂರುವ ರೂಢಿ ತಪ್ಪಿದ್ದರಿಂದಲೋ ಏನೋ ನಮ್ಮ ಮೊಣಕಾಲುಗಳು ತಾಗಿಕೊಂಡವು, ಇಬ್ಬರೂ ಸ್ವಲ್ಪ ಹಿಂದೆ ಸರಿದೆವು.

"ಚಾ ಕುಡೀತೀಯಾ? ಲೋಟ ಒಂದೇ ಇರೋದು, ನಿನ್ನದಾದ ಮೇಲೆ ನಾನು ಕುಡೀತೀನಿ."

"ಬೇಡ, ಅಕ್ಕ."

"ಲೆಕ್ಕ ಹಾಕಿರ್ತೀಯ ನೀನು."

"ಹಾಕಿದೆ."

"ಎಷ್ಟು ಬಂತು?"

"ಎಂಬತ್ತೇಳರಿಂದ ತೊಂಬತ್ತು."

ಅವರು ತಲೆಯಾಡಿಸಿದರು. ಹೊರಗೆ ಯಾರೋ ಮೆಟ್ಟಿಲಿಳಿಯುತ್ತ ಮಗುವನ್ನು ಗದರಿಸುತ್ತಿದ್ದರು. ಆ ದನಿ ಕೆಳಗಿಳಿದು ಬೀದಿಗೆ ಸೇರಿತು.

"ಅಪ್ಪ ಹೋದದ್ದು ಹನ್ನೆರಡನೇ ತಾರೀಕು," ಎಂದರು. "ತಂಗಿ ಬಂದಿದ್ಲು, ಮೂರು ದಿನ ಇದ್ದು ಹೋದ್ಲು. ಮಕ್ಕಳಿಗೆ ಪರೀಕ್ಷೆ. ಹದಿನಾರಕ್ಕೆ ನಾನೊಬ್ಬಳೇ. ಹನ್ನೊಂದು ವರ್ಷ ಆ ಕೆಮ್ಮನ್ನ ಬೈಕೊಂಡಿದ್ದೆ ನೋಡು. ಒಂದು ದಿನ ನಿದ್ದೆ ಮಾಡೋಕೆ ಬಿಡಪ್ಪಾ ಅಂತ. ಹದಿನಾರರ ರಾತ್ರಿ ಕೆಮ್ಮಿಲ್ಲ. ಹದಿನೇಳಕ್ಕೆ ಆಫೀಸಿಗೆ ಬಂದುಬಿಟ್ಟೆ. ಮೇಜಿನ ಮೇಲೆ ಚೀಟಿ ಇತ್ತು, ಚೀಟಿ ಇದ್ರೆ ಅಂಟಿಸಬೇಕು, ಅಂಟಿಸ್ದೆ. ಓದಿದ್ನೋ ಇಲ್ವೋ. ಓದಿದ್ರೂ ತಲೆಗೆ ಹೋಗಿಲ್ಲ. ಕಾಯಂ ಪಟ್ಟಿ ತೆಗೀಲೇ ಇಲ್ಲ. ಮಾರ್ಚಲ್ಲಿ ಬೋಗುಣಿಗಳಿಗೆ ಹೊಸ ರಿಸೀವರ್ ಬಂದು ಪಟ್ಟಿ ಬದಲಾಗೋವರೆಗೂ ಅದು ಕತ್ತರಿಸ್ತಾನೇ ಇತ್ತು."

ನಾನು ಏನು ಹೇಳಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರೆಯಬೇಕು. "ಅನುಬಂಧ ಕಡ್ಡಾಯ ಏನಲ್ಲ, ಅಕ್ಕ," ಎಂದೆ. "ಬಿಟ್ಟುಬಿಡ್ತೀನಿ."

ಸಿಟ್ಟು ಬರಲಿಲ್ಲ ಅವರಿಗೆ.

"ನಿನಗೆ ನನ್ನ ಕೋಣೆ ಚಿಂತೆಯಾ, ನಿನ್ನ ಪ್ರಬಂಧದ ಚಿಂತೆಯಾ?"

"ಎರಡೂ."

"ಹೋಗಲಿ, ನಿಜ ಹೇಳ್ದೆ." ಎದ್ದು ಹೋಗಿ ಕಿಟಕಿಯ ಚಿಲಕವನ್ನು ಸುಮ್ಮನೆ ಹಾಕಿ ತೆಗೆದರು. "ನೋಡು ಹುಡುಗಿ, ನಾನು ಇಷ್ಟು ವರ್ಷ ಕಸ ತೆಗೆದಿದ್ದೀನಿ. ಅಲ್ಲಿ ಏನೂ ಇಲ್ಲ ಅಂತ ಮೇಷ್ಟ್ರು ಊರೆಲ್ಲ ಹೇಳ್ಕೊಂಡು ಬಂದಿದ್ದಾರೆ. ಇತ್ತು. ನಾನು ಎತ್ತಿ ಆಚೆಗೆ ಹಾಕಿದೆ. ಇನ್ನು ಮೂರು ವರ್ಷ ಆ ಕೋಣೇಲಿ ಕೂತು ನಾನು ಯಾವ ಚಾನೆಲ್ ನೋಡಿದ್ರೂ ಇದೇ ಕಾಣುತ್ತೆ. ನಾಳೆ ಟೇಪ್ ತೆಗೆಸ್ತೀನಿ. ನೀನು ಬರ್ತೀಯಾ?"

"ಬರ್ತೀನಿ."

"ಕೋಷ್ಟಕ ಪೂರ್ತಿ ಮಾಡು. ಏಳು ಸಾಲು ಬಾಕಿ ಇದೆ."

ಕಚ್ಚಾ ಮಾಹಿತಿಯ ಟೇಪುಗಳು ನೆಲಮಾಳಿಗೆಯಲ್ಲಿದ್ದವು. ಪುಣ್ಯಕ್ಕೆ ಏಳೂ ಓದಿಸಿಕೊಂಡವು. ಅಕ್ಕ ಕಾಯಂ ಪಟ್ಟಿಯನ್ನು ಖಾಲಿ ಮಾಡಿ, ಒಂದೊಂದೇ ವೀಕ್ಷಣೆಯನ್ನು ಮೊದಲಿನಿಂದ ಸೋಸಿದರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಎಂಟು ಗಂಟೆ ಉದ್ದದ ವೀಕ್ಷಣೆಯೊಂದರಲ್ಲಿ ಎಂಬತ್ತೇಳನೆಯ ಚಾನೆಲಿಗೆ ಬಂದಾಗ ಕಣ್ಣಿಗೆ ಏನೂ ಕಾಣಲಿಲ್ಲ, ಬರೀ ರವೆ. ಏಳನ್ನೂ ಸೇರಿಸಬೇಕಿತ್ತು. ಐದು ದಿನ ಹಿಡಿಯಿತು. ಶುಕ್ರವಾರ ಸಂಜೆ ನಾಲ್ಕಕ್ಕೆ ಸೇರಿಸಿದ ಚಿತ್ರ ಪರದೆಗೆ ಬಂತು. ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು, ತೊಂಬತ್ತರಲ್ಲಿ, ಗ್ಯಾಲಕ್ಸಿಯ ಒಂದು ಬದಿಯ ತುದಿಗೆ, ಉಗುರಿನ ಅಂಚಿನಂಥ ಮಸುಕು ಬಿಳುಪು. ಅನಿಲ. ವೇಗ ಇಳಿದಿರಲಿಲ್ಲ. ನಲವತ್ತೊಂದು ಉಳಿದೆಲ್ಲ ಕುಬ್ಜಗಳ ಹಾಗೆಯೇ ಇತ್ತು, ಕಾಣುವ ತೂಕದ ಹತ್ತಾರು ಪಟ್ಟು ಕಾಣದ ತೂಕವನ್ನು ಇಟ್ಟುಕೊಂಡು.

ಅಕ್ಕ ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿದರು. "ಎಷ್ಟು ತೆಳ್ಳಗಿದೆ," ಎಂದಷ್ಟೇ ಹೇಳಿದರು.

ಸೋಮವಾರ ನಾವಿಬ್ಬರೂ ಮೇಷ್ಟ್ರ ಕೋಣೆಗೆ ಹೋದೆವು. ಅವರ ಮೇಜಿನ ಹಿಂದಿನ ಗೋಡೆಗೆ ನಲವತ್ತೊಂದರ ಹಳೆಯ ನಕ್ಷೆಯನ್ನು ಪಿನ್ನು ಚುಚ್ಚಿ ಹಾಕಿದ್ದರು. ಅಕ್ಕ ಪುಸ್ತಕವನ್ನು ಚೀಟಿಯಿದ್ದ ಪುಟಕ್ಕೆ ತೆರೆದು ಅವರ ಮುಂದಿಟ್ಟರು. ಹೊಸ ನಕ್ಷೆಯನ್ನು ನಾನಿಟ್ಟೆ. ಮೇಷ್ಟ್ರು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ಮತ್ತೆ ಚೀಟಿಯನ್ನು ನೋಡಿದರು.

"ಗೋಂದು ಚೆನ್ನಾಗಿ ಹಚ್ಚಿದ್ದೀರಿ," ಎಂದರು ಕೊನೆಗೆ.

"ಹೂಂ, ಸಾರ್."

"ನಿಮ್ಮ ಕಣ್ಣು ತಪ್ಪೋದಿಲ್ಲ ಅಂತ ನಾನು ನಾಲ್ಕು ಕಡೆ ಹೇಳಿ ಬಂದಿದ್ದೀನಿ, ಅಕ್ಕಾವ್ರೆ."

"ಕಣ್ಣು ತಪ್ಪಲಿಲ್ಲ, ಸಾರ್. ನೋಡಲೇ ಇಲ್ಲ."

ಮೇಷ್ಟ್ರು ಕುರ್ಚಿಗೆ ಒರಗಿದರು. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ವಾಸಿಯಿತ್ತು. "ಲೇಖನ ವಾಪಸ್ ತಗೋತೀನಿ," ಎಂದರು. "ಆದರೆ ಸಮಿತಿಗೆ ಬರೆದ ಪತ್ರಾನೂ ವಾಪಸ್ ತಗೋಬೇಕಾಗುತ್ತೆ. ಅದರಲ್ಲಿ ಬೇರೇನೂ ಬರೆದಿಲ್ಲ ನಾನು."

"ಗೊತ್ತು."

"ಇನ್ನೊಂದು ಬರೀಬಹುದು. ಆದರೆ ಏನಂತ ಬರೀಲಿ? ಪ್ರೋಗ್ರಾಂ ಸರಿಯಾಗಿತ್ತು."

"ಸರಿಯಾಗಿತ್ತು, ಸಾರ್," ಎಂದರು ಅಕ್ಕ. "ಅದಕ್ಕೆ ಯಾರೂ ಸಾಯೋದಿಲ್ಲವಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿ, ಪ್ರಬಂಧಕ್ಕೆ ಇನ್ನೊಂದು ವರ್ಷ ಬೇಕಾಗುತ್ತದೆ ಎಂದರು. ಹೂಂ ಎಂದೆ.

ಸಮಿತಿಯ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತಂತೆ. ಅಕ್ಕ ತಮ್ಮ ಉಳಿದ ತಿಂಗಳುಗಳನ್ನು ಎಂದಿನಂತೆ ಒಂಬತ್ತಕ್ಕೆ ಬಂದು ಐದಕ್ಕೆ ಹೋಗಿ ಮುಗಿಸಿದರು. ಸೋಸಲು ಏನೂ ಕಳಿಸುತ್ತಿರಲಿಲ್ಲ. ಪುಸ್ತಕಗಳಿಗೆ ವರ್ಷದ ಚೀಟಿ ಅಂಟಿಸುತ್ತ, ಬೀರು ಒರೆಸುತ್ತ ಕೂರುತ್ತಿದ್ದರು. ಕಾರಿಡಾರಿನಲ್ಲಿ ಜನ ಅವರೊಡನೆ ಮೊದಲಿಗಿಂತ ಹೆಚ್ಚು ಮೆಲ್ಲಗೆ, ಹೆಚ್ಚು ನಯವಾಗಿ ಮಾತಾಡುತ್ತಿದ್ದರು. ಅದು ಅವರಿಗೆ ಹಿಡಿಸುತ್ತಿರಲಿಲ್ಲ. "ಕಾಯಿಲೆಯವಳನ್ನ ಮಾತಾಡಿಸೋ ಹಾಗೆ ಮಾತಾಡಿಸ್ತಾರೆ," ಎನ್ನುತ್ತಿದ್ದರು. ಕೊನೆಯ ದಿನ ಕ್ಯಾಂಟೀನಿನಲ್ಲಿ ಒಂದು ಸಣ್ಣ ಸಭೆ. ಒಂದು ಕೈಗಡಿಯಾರ, ಎರಡು ಭಾಷಣ. ಎರಡರಲ್ಲೂ ನಲವತ್ತೊಂದರ ಮಾತಿಲ್ಲ.

ನಾನು ನನ್ನ ಪ್ರಬಂಧದ ಅನುಬಂಧದಲ್ಲಿ ಹನ್ನೊಂದು ಸಾಲುಗಳನ್ನೂ ಹಾಕಿದೆ. ಏಳು ಸಾಲುಗಳ ಕಾರಣದ ಕಾಲಮಿನಲ್ಲಿ ಏನು ಬರೆಯಬೇಕೆಂದು ಅಕ್ಕನನ್ನೇ ಕೇಳಿದೆ. "ತಪ್ಪಾಗಿ ಕತ್ತರಿಸಿದ್ದು, ಆಮೇಲೆ ಸೇರಿಸಲಾಗಿದೆ, ಅಂತ ಬರಿ. ಅಪ್ಪನ ವಿಷಯ ಬೇಡ," ಎಂದರು. ಹಾಗೆಯೇ ಬರೆದೆ.

ನಿವೃತ್ತಿಯಾಗಿ ಎರಡು ತಿಂಗಳಿಗೆ ಅವರು ಗೇಟಿಗೆ ಬಂದು, ಮೇಷ್ಟ್ರನ್ನು ಕಾಣಬೇಕೆಂದು ಹೇಳಿ ಚೀಟಿ ಕಳಿಸಿದರು. ಆ ಪೆಟ್ಟಿಗೆ ಬದಲಾದ ದಿನದಿಂದ ಹೊಸ ರಿಸೀವರ್ ಬರುವವರೆಗೆ, ಹಳೆಯ ಕಾಯಂ ಪಟ್ಟಿ ಕತ್ತರಿಸುತ್ತಲೇ ಇದ್ದ ಐದು ತಿಂಗಳಲ್ಲಿ ನಡೆದ ವೀಕ್ಷಣೆಗಳು ನಾನೂರ ಹನ್ನೆರಡು. ನಲವತ್ತೊಂದರ ಏಳು ಮಾತ್ರ ತೆರೆದಾಗಿತ್ತು. ಉಳಿದವು ಬೇರೆ ಬೇರೆ ಗ್ಯಾಲಕ್ಸಿಗಳವು, ಬೇರೆ ಬೇರೆಯವರ ಲೇಖನಗಳಲ್ಲಿ ಸೇರಿಹೋದವು. ಪ್ರೋಗ್ರಾಮಿಗೆ ಕೊಟ್ಟರೆ ಬೇಗ ಆಗುತ್ತದೆಂದು ಮೇಷ್ಟ್ರು ಹೇಳಿದರಂತೆ. ಕೊಡಿ, ಆದರೆ ನಾನೂ ನೋಡುತ್ತೇನೆ ಎಂದು ಅಕ್ಕ ಹೇಳಿದರಂತೆ. ಅವರ ಹಳೆಯ ಕೋಣೆ ಅಷ್ಟು ಹೊತ್ತಿಗೆ ಉಗ್ರಾಣಕ್ಕೆ ಸೇರಿತ್ತು; ನೆಲಮಾಳಿಗೆಯಲ್ಲಿ, ಟೇಪುಗಳ ಕಪಾಟುಗಳ ನಡುವೆ ಒಂದು ಮೇಜು ಹಾಕಿಕೊಟ್ಟರು. ಅಲ್ಲಿ ಫೋನು ಇಲ್ಲ. ತಂಗಿ ಈಗ ಭಾನುವಾರ ಮನೆಗೆ ಕರೆ ಮಾಡುತ್ತಾಳೆ.

ಈಗ ಅವರಿಗೆ ಅರವತ್ತೆರಡು. ಸಂಬಳವಿಲ್ಲದೆ, ಸಂದರ್ಶಕರ ಚೀಟಿಯ ಮೇಲೆ, ವಾರಕ್ಕೆ ಮೂರು ದಿನ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಆ ಮೇಜಿನ ಮುಂದೆ ಕೂತು ಒಂದೊಂದೇ ಹಳೆಯ ವೀಕ್ಷಣೆಯನ್ನು ತೆರೆದು, ಕತ್ತರಿಸಿದ್ದ ಆರು ಚಾನೆಲುಗಳನ್ನು ಕಣ್ಣಿಟ್ಟು ನೋಡಿ, ಇದ್ದದ್ದನ್ನು ಬರೆದಿಡುತ್ತಾರೆ. ಮೊನ್ನೆಗೆ ನೂರ ಅರವತ್ತಮೂರು ಮುಗಿದಿವೆ.